ಬಿಲ್ಲಿನ ಬೆನ್ನಿಗೆ

ಕರೆಂಟು ಬಿಲ್ಲಿನ ಬೆನ್ನಿಗೆ ಗೆರೆ ಎಳೆದು
ಎಡಕ್ಕೆ ಮರ ಎಂದು ಬರೆದೆ.
ಬಲಕ್ಕೂ ಮರ ಎಂದೇ ಬರೆದ ಟೆರೆನ್ಸ್.
ಗಾಳಿಯಿಲ್ಲದ ಮಧ್ಯಾಹ್ನವೂ ನೀಲಗಿರಿ
ಕೊಂಬೆ ಕಳಚಿ ಹಾಕುತ್ತದಂತೆ,
ಕಡಿಯಲು ಕೌನ್ಸಿಲ್ಲಿನ ಅಪ್ಪಣೆ ಬೇಕಂತೆ,
ಜನವರಿಯ ಬೆಂಕಿಗೆ ಯಾರ ಅಪ್ಪಣೆಯೂ ಬೇಡ.

ಕ್ಲಿಯೊಗೆ ಅಂಗಳ. ಸರಿ, ಎಡಕ್ಕೆ.
ರೈಲಿನಲ್ಲಿ ಐವತ್ತು ನಿಮಿಷ. ಬಲಕ್ಕೆ.
ಬಟ್ಟೆ ಹರವಲು ಹಗ್ಗ, ಹಗ್ಗಕ್ಕೆ ಬಿಸಿಲು...
ಅಷ್ಟರಲ್ಲಿ ಅಮ್ಮ ಫೋನಿನಲ್ಲಿ:
"ಎಲ್ಥಮ್‌ನಲ್ಲಿ ಸಕ್ಕರೆ ಸಾಲ ಕೊಡೋರು
ಯಾರಿದ್ದಾರೆ, ದೆಸ್ಪಿನಾ?"
ಅದನ್ನು ಯಾವ ಕಡೆ ಬರೆಯಲಿ?

ಇಲ್ಲಿ ಬ್ರನ್ಸ್‌ವಿಕ್‌ನಲ್ಲಿ, ಬೆಳಗಿನ ನಾಲ್ಕಕ್ಕೇ
ಕೆಳಗಿನ ಬೇಕರಿಯ ಶಟರು
ಹಲ್ಲು ಕಡಿಯುತ್ತ ಮೇಲೇಳುತ್ತದೆ.
ಒಂಬತ್ತು ವರ್ಷ ಬೈದಿದ್ದೇನೆ.
ಮುನೀರ್ ಒಮ್ಮೆಯೂ ತಿರುಗಿ ಬೈಯಲಿಲ್ಲ;
ಕ್ಲಿಯೊ ಹುಟ್ಟಿದ ವಾರ
ಮೆಟ್ಟಿಲ ಮೇಲೆ ದಿನವೂ ಬಿಸಿ ರೊಟ್ಟಿ.

ಶನಿವಾರ ಆ ಮನೆ ನೋಡಲು ಹೋದಾಗ
ಏಜೆಂಟ್ ಗೇಟಿನಲ್ಲಿ ಯಾರೊಡನೆಯೋ ಫೋನಿನಲ್ಲಿದ್ದ.
ಖಾಲಿ ಅಡುಗೆಮನೆಯಲ್ಲಿ ನಾವಿಬ್ಬರೇ.
ಎಂಥ ಮೌನವೆಂದರೆ
ಟೆರೆನ್ಸ್ ಉಗುಳು ನುಂಗಿದ್ದು ಕೇಳಿಸಿತು.
ಜಗಳವಾಡದೆ ಎಷ್ಟು ದಿನವಾಯಿತು,
ಮಾತಾಡದೆ ಎಷ್ಟು ದಿನ,
ಟ್ರಾಮಿನ ಗಂಟೆಗಳ ನಡುವೆ ಲೆಕ್ಕ ತಪ್ಪಿತ್ತು.

ಹೊರಗೊಂದು ಮ್ಯಾಗ್‌ಪೈ
ಗಾಜು ಕುಟ್ಟಿ, ಕತ್ತು ಓರೆಮಾಡಿ ನೋಡಿತು,
ಬಾಡಿಗೆ ಕೇಳಲು ಬಂದ ಮಾಲೀಕನ ಹಾಗೆ.
"ಎರಡು ಕುರ್ಚಿ ಎಲ್ಲಿಡೋಣ?" ಎಂದ ಅವನು.
ತುಂಬಾ ಹೊತ್ತಿನ ಮೇಲೆ
ಕಿಟಕಿಯತ್ತ ಕೈ ತೋರಿಸಿದೆ.

ಬಿಲ್ಲು ಇನ್ನೂ ಕಟ್ಟಿಲ್ಲ.
ನಾಳೆಯೇ ಕೊನೆಯ ದಿನ.