ಗುಂಡಿ

ಟೇಪು ಓದುವಾಗ ಯಾರೂ ನಡೆಯುವ ಹಾಗಿಲ್ಲ.
ಅಮ್ಮ ಒಲೆಯ ಮುಂದೆ ಸೌಟು ಹಿಡಿದು ನಿಂತಲ್ಲೇ ನಿಲ್ಲಬೇಕು.
ಕೆಳಗೆ ಟ್ರಾಲಿಬಸ್ಸು ಕೊಂಚ ಜೋರಾಗಿ ಹೋದರೂ
ಇಪ್ಪತ್ತು ನಿಮಿಷ ನೀರುಪಾಲು.
ಅಣ್ಣ ಲೆಶೆಕ್ ಗಡಿಯಾರ ರಿಪೇರಿಯ ಸ್ಕ್ರೂಡ್ರೈವರಿನಿಂದ
ಟೇಪ್‌ರೆಕಾರ್ಡರಿನ ತಲೆಯನ್ನು ಕೂದಲೆಳೆಯಷ್ಟು ತಿರುಗಿಸಿ
ಕಿವಿಗೊಟ್ಟು ಕೂರುತ್ತಿದ್ದ.
ಆ ಕೀರಲು ದನಿಯಲ್ಲಿ ಆಟ ಇದೆಯೋ ಇಲ್ಲವೋ
ಅವನಿಗೆ ಮೊದಲೇ ತಿಳಿಯುತ್ತಿತ್ತು.

ಗ್ಡಿನ್ಯಾ, ಎಂಬತ್ತೇಳರ ಚಳಿಗಾಲ.
ಮಾವ ಹಡಗಿನಲ್ಲಿ ದುಡಿದ ಡಾಲರು ಅಟಾರಿಯಾಗಿ ಬಂದು
ಊಟದ ಮೇಜಿನ ಅರ್ಧ ನುಂಗಿತ್ತು.
ಟೀವಿ ಕಪ್ಪುಬಿಳುಪಿನದು. ಕ್ಯಾಸೆಟ್ಟು ಸಂತೆಯ ಕಳ್ಳಮಾಲು,
ಮೇಲೆ ಪೆನ್ಸಿಲಿನಲ್ಲಿ: ಚಿಮಣಿ ಗುಡಿಸುವವ.

ಹೆಬ್ಬೆರಳಷ್ಟೂ ಇಲ್ಲದ ಆಸಾಮಿ, ಹೆಗಲಿಗೊಂದು ಏಣಿ.
ಛಾವಣಿಯಿಂದ ಛಾವಣಿಗೆ ಹಾರಬೇಕು,
ಮೂವತ್ತು ಮನೆ, ಮೂವತ್ತು ಕೀಲಿಕೈ, ಇರುವುದು ಮೂರೇ ಜೀವ.
ಒಂದು ಚುಕ್ಕಿ ಮೊದಲು ಹಾರಿದರೆ ಗುಂಡಿ.
ಒಂದು ಚುಕ್ಕಿ ತಡವಾದರೂ ಗುಂಡಿ.
ಬೆಕ್ಕು ತಾಗಿದರೆ ಸತ್ತ, ಪಾರಿವಾಳ ತಾಗಿದರೆ ಸತ್ತ,
ಒಮ್ಮೊಮ್ಮೆ ಸುಮ್ಮನೆ ನಿಂತಿದ್ದವನೂ, ಯಾಕೋ, ಸತ್ತ.

ನಮ್ಮಲ್ಲಿ ಬೀದಿಯಲ್ಲಿ ಚಿಮಣಿಯವನು ಎದುರಾದರೆ
ಅಂಗಿಯ ಗುಂಡಿ ಹಿಡಿದುಕೊಳ್ಳಬೇಕು, ಅದೃಷ್ಟ.
ನನಗೆ ಎರಡೂ ಕೈ ಜಾಯ್‌ಸ್ಟಿಕ್ಕಿಗೇ ಬೇಕಿತ್ತು.
ಸ್ವೆಟರಿನ ಗುಂಡಿಯನ್ನು ಹಲ್ಲಲ್ಲಿ ಕಚ್ಚಿ
ಜಾಯ್‌ಸ್ಟಿಕ್ಕಿನ ಗುಂಡಿಯನ್ನು ಒತ್ತಿ
ಅವನನ್ನು ನೆಟ್ಟಗೆ ಗುಂಡಿಗೆ ಬೀಳಿಸುತ್ತಿದ್ದೆ.
ವಸಂತ ಬರುವಷ್ಟರಲ್ಲಿ ನಾಲ್ಕು ಕಿತ್ತುಬಂದವು.
ಅಮ್ಮ ಹೊಲಿದು ಹೊಲಿದು ಬೈದಳು.

ನನಗೆ ಜ್ವರ ಬಂದ ಒಂದು ರಾತ್ರಿ
ಲೆಶೆಕ್ ಮೂವತ್ತನೆಯ ಮನೆ ಗೆದ್ದನಂತೆ.
ಎಬ್ಬಿಸಿ ಹೇಳಿದ: ಕೊನೆಯ ಬಾಗಿಲು ತೆಗೆಯಿತು.
ಒಳಗೆ ಮಸಿಯೇ ಇಲ್ಲದ ಊರು.
ಚಿಮಣಿಯವನು ಏಣಿ ಇಳಿಸಿ ಮುಖ ತೊಳೆದುಕೊಂಡ.
ಆಮೇಲೆ ನಮ್ಮ ಟೀವಿಗೆ, ಆಣೆಗೂ, ಬಣ್ಣ ಬಂತು.
ಯಾವ ಬಣ್ಣ, ಅಂದೆ.
ಸ್ವಲ್ಪ ಯೋಚಿಸಿ,
ಏಪ್ರಿಕಾಟಿನದು, ಅಂದ.

ಈಗ ನನಗೆ ಐವತ್ತು. ಕಂಡವರ ಹಲ್ಲಿಗೆ ಅಚ್ಚು ತೆಗೆಯುವ ಕೆಲಸ,
ಕೈ ನಡುಗಬಾರದು, ಇನ್ನೂ ನಡುಗುವುದಿಲ್ಲ.
ನೆಲಮಾಳಿಗೆಯಲ್ಲಿ ಸೌತೆಕಾಯಿಯ ಭರಣಿಗಳ ಹಿಂದಿದ್ದ ಅಟಾರಿಯನ್ನು
ಒರೆಸಿ ಮೇಲೆ ತಂದೆ.
ಲೆಶೆಕನ ಮಗ ಕಾಯೆತಾನ್ ನಕ್ಕ:
ಅತ್ತೆ, ಇದೆಲ್ಲ ಫೋನಲ್ಲೇ ಸಿಗುತ್ತೆ,
ಸತ್ತರೆ ಹಿಂದಕ್ಕೆ ತಿರುಗಿಸಿಕೊಳ್ಳಬಹುದು.
ಬೇಡ, ಅಂದೆ. ಹಿಂದಕ್ಕೆ ತಿರುಗಿಸುವುದೇ ಆದರೆ
ನನಗೆ ಬೇರೆ ಕೆಲಸಗಳಿವೆ.

ತಲೆ ಮರೆತದ್ದನ್ನು ಹೆಬ್ಬೆರಳು ಮರೆತಿರಲಿಲ್ಲ.
ಒಂಬತ್ತನೆಯ ಮನೆ: ಬೆಕ್ಕು ಬಾಲ ಎತ್ತುವವರೆಗೆ ತಡಿ.
ಹದಿನಾಲ್ಕು: ನೋಡಬೇಡ, ಹಾರು.
ಆಗ ಪ್ರತಿ ಸಾವಿಗೂ ಅಳು ಬರುತ್ತಿತ್ತು.
ಈಗ ಎದ್ದು ಹೋಗಿ ಚಹಾ ಮಾಡಿಕೊಂಡು ಬರುತ್ತೇನೆ,
ಅಷ್ಟರಲ್ಲಿ ಅವನೂ ಸುಧಾರಿಸಿಕೊಂಡಿರುತ್ತಾನೆ.

ನವೆಂಬರಿನ ಒಂದು ಭಾನುವಾರ, ಮೂವತ್ತನೆಯ ಮನೆ.
ಕೀಲಿಕೈ ಕಂಡಿತು.
ಗೋಡೆಯ ಒಳಗೆ.
ಒಸಡಲ್ಲಿ ಮುರಿದುಳಿದ ಬೇರಿನಂತೆ ಇಟ್ಟಿಗೆಯಲ್ಲಿ ಹೂತುಕೊಂಡು,
ಮೇಲಿನಿಂದಿಲ್ಲ, ಕೆಳಗಿನಿಂದಿಲ್ಲ, ಯಾವ ದಾರಿಯೂ ಇಲ್ಲ.

ಕಾಯೆತಾನ್ ಟೇಪಿನ ಆಟವನ್ನು ಅಂಕಿಗಳಾಗಿ ಹರವಿ
ರಾತ್ರಿಯೆಲ್ಲ ನೋಡಿದ.
ಎಂಟು ಇರಬೇಕಾದ ಕಡೆ ಏಳು ಬಿದ್ದಿದೆ, ಅತ್ತೆ.
ಬರೆದವನ ಕೈತಪ್ಪು. ಇದನ್ನು ಯಾರೂ ಗೆದ್ದಿರಲಾರರು.
ಆ ಬಾಗಿಲ ಹಿಂದೆ ಅವನು ಏನನ್ನೂ ಬರೆದೇ ಇಲ್ಲ,
ಬರೀ ಸೊನ್ನೆ.

ಲೆಶೆಕ್ ಬಂದರಿನಲ್ಲಿ ಕ್ರೇನು ನಡೆಸುತ್ತಾನೆ, ರಾತ್ರಿಪಾಳಿ.
ಫೋನು ಮಾಡಿದೆ.
ಏನೋ, ಚಿಮಣಿಯವನ ಆಟ ನೆನಪಿದೆಯಾ,
ಕೊನೆಯಲ್ಲಿ ಏನಾಗುತ್ತಿತ್ತು?
ಒಂದು ಕ್ಷಣವೂ ತಡವರಿಸಲಿಲ್ಲ:
ಮಸಿಯಿಲ್ಲದ ಊರು ಕಣೇ. ಏಣಿ ಇಳಿಸಿ ಮುಖ ತೊಳೆದುಕೊಂಡ.
ಬಣ್ಣ ಬಂತಲ್ಲ, ನಮ್ಮ ಆ ದರಿದ್ರ ಟೀವಿಗೆ!
ಆಮೇಲೆ ಒಂದು ನಾಯಿ ಓಡಿ ಬಂತು.

ನಾಯಿ ಮೊದಲು ಇರಲಿಲ್ಲ.

ನಾಲಿಗೆಯ ತುದಿಗೆ ಏಳು ಬಂತು, ಎಂಟು ಬಂತು.
ನುಂಗಿಕೊಂಡೆ.
ಯಾವ ಬಣ್ಣದ್ದು, ಅಂದೆ.

ಅತ್ತ ಬರೀ ಗಾಳಿ, ದೂರದಲ್ಲೊಂದು ಹಡಗಿನ ಕೂಗು.
ಅಣ್ಣ ಯೋಚಿಸುತ್ತಿದ್ದ.
ಉಸಿರು ಬಿಗಿಹಿಡಿದು
ಅಂಗಿಯ ಗುಂಡಿ ಹಿಡಿದುಕೊಂಡೆ.