ಸಾವಿರದ ಇನ್ನೂರರೊಳಗೆ

ಅದರ ಮೇಲೆ ಒಂದು ರೂಪಾಯಿಯೂ ಇಲ್ಲ
ಎಂದು ಮೊದಲೇ ಹೇಳಿದ್ದೆ.
ಲ್ಯಾಮಿಂಗ್ಟನ್ ರಸ್ತೆಯ ಅಂಗಡಿ ಹುಡುಗ
ಕಿವಿಗೆ ಢೋಲು ಕಟ್ಟಿದ:
ಬೇಸ್ ನೋಡಿ, ಬೇಸ್!

ನನಗೆ ಬೇಕಿದ್ದದ್ದು ಢೋಲಲ್ಲ.
ಎಡಗಡೆ ಮೆಟ್ಟಿಲಲ್ಲಿ ವೈರಿಯ ಬೂಟು,
ಹಾಡು ಮುಗಿದ ಮೇಲೂ ಉಳಿಯುವ ತಂಬೂರಿ,
ಮತ್ತೆ, ಮೈಕಿನಲ್ಲಿ ನಾನೊಬ್ಬಳೇ.
ಸಾಯನ್ನಿನ ಈ ಒಂದೇ ಖೋಲಿ ಬೇಡ,
ಲೋಕಲ್ ಬೇಡ,
ಅಪ್ಪನ ಸೀನು ಬೇಡ.

ಅದಕ್ಕೆ ಇನ್ನೂ ಎಂಟುನೂರಾಗುತ್ತೆ, ಅಂದ.

ಇದ್ದುದರಲ್ಲೇ ಕೊಂಡೆ. ಬಲಗಿವಿಗೆ ತುಸು ಬಿಗಿ.

ರಾತ್ರಿ, ಗುಂಡುಗಳ ನಡುವೆ,
ಮುಖವನ್ನೇ ನೋಡಿರದ ಮಿರಜಿನ ನಿಲೋಫರ್
ಪಿಸುಗುಟ್ಟಿದಳು:
ನಿಮ್ಮನೆ ಕುಕ್ಕರು ನಾಲ್ಕನೇ ಸಲ ಕೂಗಿತು ನೋಡೇ,
ಹೋಗಿ ಇಳಿಸು.
ಅಲ್ಲಿ ತನಕ ಬಾಗಿಲು
ನಾನು ಕಾಯ್ತೀನಿ.