ಅರ್ಧ ಗೇಣು ಎಡಕ್ಕೆ

ಕುಂಬಳೆ ಪೇಟೆಯಲ್ಲಿ ಹೆದ್ದಾರಿ ಅಗಲವಾದಾಗ
ಮೊದಲು ಹೋದದ್ದು ಸೈಕಲ್ ರಿಪೇರಿ ಅಂಗಡಿ,
ಆಮೇಲೆ ಕೊಪ್ಪರದ ಗೋದಾಮು.
ಗೋದಾಮಿನ ಹಿಂದಿನ ಕೋಣೆಯಲ್ಲಿ ಮೂವತ್ತೆಂಟು ವರ್ಷ
ಹೊಟ್ಟೆಯಲ್ಲಿ ಉಸಿರು ಕಟ್ಟಿ ನಾವು ನಿಂತಿದ್ದೆವೆಂಬುದು
ಪರಿಹಾರದ ಕಾಗದದಲ್ಲಿ ಬರಲಿಲ್ಲ.

ಕೋಣೆಯ ನಟ್ಟ ನಡುವೆ ಒಂದು ಮುರಕಲ್ಲಿನ ಕಂಬ.
ಎದೆಯೆತ್ತರಕ್ಕೆ ಕಪ್ಪಗೆ ಮಿರುಗುತ್ತಿತ್ತು,
ಕೊಬ್ಬರಿಯ ಜಿಡ್ಡಿಗೋ, ಅಂಗೈಯ ಬೆವರಿಗೋ.

ಇದನ್ನು ಊರಿಗೆ ತಂದವರು ಕುಂಞಾಮುಚ್ಚ,
ಹಡಗಿನ ಎಂಜಿನ್ ಕೋಣೆಯ ಕಲಾಸಿ.
ಯಾವುದೋ ವರ್ಷ ಹಡಗು ಕೆಟ್ಟು
ನಾಹಾ ಬಂದರಿನಲ್ಲಿ ಏಳು ತಿಂಗಳು ನಿಂತಿತಂತೆ.
ಬಂದರಿನ ಹಿಂದೆ ಬಲೆ ಹೆಣೆಯುವ ಒಬ್ಬ ಮುದುಕ.
ಅವನ ಹೆಸರನ್ನು ಕುಂಞಾಮುಚ್ಚ
ಒಂದೊಂದು ಸಲ ಒಂದೊಂದು ಥರ ಹೇಳುತ್ತಿದ್ದರು.
ಅವನ ಪಾದದ ಹೆಬ್ಬೆರಳು ನೆಲ ಕಚ್ಚುವುದನ್ನು ಮಾತ್ರ
ಯಾವಾಗಲೂ ಒಂದೇ ಥರ ತೋರಿಸುತ್ತಿದ್ದರು.

ಅವರಿಂದ ಬೇಳದ ಸಿಪ್ರಿಯನ್ ಮಾಸ್ಟ್ರಿಗೆ.
ಮಾಸ್ಟ್ರು ನಮ್ಮ ಬೆನ್ನು, ಭುಜ, ತೊಡೆ ಬಡಿದು ಕಿವಿಗೊಡುತ್ತಿದ್ದರು,
ಹಲಸಿನ ಕಾಯಿ ಬಲಿತಿದೆಯೇ ಎಂದು ಬಡಿದು ನೋಡಿದ ಹಾಗೆ.
ಪೊಳ್ಳು ಕೇಳಿಸಿದರೆ ಮತ್ತೆ ಮೊದಲಿಂದ.

ಸಾಂಚಿನ್ ಅಂದರೆ ಮೂರು ಹೆಜ್ಜೆ, ತಿರುವು, ಉಸಿರು.
ನಮ್ಮಲ್ಲಿ ಮೂರನೆಯ ಹೆಜ್ಜೆ ಅರ್ಧ ಗೇಣು ಎಡಕ್ಕೆ.
ಯಾಕೆ ಎಂದು ಯಾರೂ ಹೇಳಿರಲಿಲ್ಲ.
ಬಲದಿಂದ ಬರುವ ಕತ್ತಿಗೆ ಜಾಗ ಬಿಡುವುದು,
ಅಲೆಗೆ ದೋಣಿ ಓರೆಯಾದಂತೆ, ಇತ್ಯಾದಿ
ಕಪ್ಪು ಬೆಲ್ಟಿನ ಪರೀಕ್ಷೆಗೆ ನಾನೇ ಬರೆದೆ,
ಪಾಸೂ ಆದೆ.

ಮೊನ್ನೆ ಕೋಝಿಕ್ಕೋಡಿನ ಶಿಬಿರಕ್ಕೆ ನಾಹಾದಿಂದ ಬಂದ ಹಿರಿಯರು
ನನ್ನ ಮೂರನೆಯ ಹೆಜ್ಜೆಗೆ ಕತ್ತು ಓರೆ ಮಾಡಿದರು.
ಬಗ್ಗಿ, ಎರಡೂ ಕೈಯಲ್ಲಿ,
ಮಗುವಿಗೆ ಚಪ್ಪಲಿ ಹಾಕಿಸುವಷ್ಟು ಮೆಲ್ಲಗೆ
ನನ್ನ ಪಾದವನ್ನು ನೇರ ಇಟ್ಟರು. ಬಯ್ಯಲಿಲ್ಲ.
ರಾತ್ರಿ ರೈಲು ಪಯ್ಯನ್ನೂರು ದಾಟುವಾಗ ಹೊಳೆಯಿತು:
ಕಂಬ.
ಕಂಬ ಅಡ್ಡ ಇತ್ತು. ಅಷ್ಟೆ.

ಟೀಚರ್ ತರಬೇತಿಗೆ ಧಾರವಾಡಕ್ಕೆ ಹೋದಾಗಲೂ
ನನ್ನ ‘ಎಂತದು’ ಕೇಳಿ ಹಿಂದಿನ ಬೆಂಚು ನಕ್ಕಿತ್ತು.
ಎರಡು ವರ್ಷ ತಿದ್ದಿಕೊಂಡೆ.
ತಲಪಾಡಿ ದಾಟಿದ್ದೇ ತಡ
ನಾಲಗೆ ತಾನಾಗಿ ಸರಿದು ನಿಂತಿತು.

ಈಗ ನಮಗೆ ಸಹಕಾರಿ ಬ್ಯಾಂಕಿನ ಮಹಡಿ,
ಬಿಳಿ ಟೈಲ್ಸು, ನಡುವೆ ಏನೂ ಇಲ್ಲ.
ಒಂದು ತಿಂಗಳು ನೇರ ಹೆಜ್ಜೆ ಕಲಿಸಿದೆ.
ಹೊಸಬರು ಕಲಿತರು.
ಭಾನುವಾರ ಮಾತ್ರ ಬರುವ ಅಚ್ಯುತ ಬೆಳ್ಚಪ್ಪಾಡರು
ಅರುವತ್ತೆರಡರ ಮೊಣಕಾಲು ತಿಕ್ಕುತ್ತ ಹೇಳಿದರು:
‘ಗೋದಾಮು ಹೋದದ್ದು ಇದಕ್ಕೆ ಗೊತ್ತಿಲ್ಲ ಟೀಚರೇ.’

ನಿನ್ನೆ ಅವರ ಹಿಂದೆ ನಿಂತಿದ್ದಳು ಶಿಫಾನ,
ಎಂಟು ವರ್ಷ, ಕಂಬ ಕಂಡವಳಲ್ಲ.
ಒಂದು. ಎರಡು. ಮೂರಕ್ಕೆ
ಅರ್ಧ ಗೇಣು ಎಡಕ್ಕೆ ಸರಿದಳು,
ಅಷ್ಟು ಚಂದ, ಅಷ್ಟು ಬಿಗಿ,
ಭುಜ ಬಡಿದು ನೋಡಿದೆ, ಎಲ್ಲೂ ಪೊಳ್ಳಿಲ್ಲ.

ನಿಲ್ಲಿಸಿ ಕತೆ ಹೇಳಿದೆ.
‘ಕಂಬ ಎಂತಕ್ಕೆ ಇದ್ದದ್ದು?’ ಕೇಳಿದಳು.
‘ಮಾಡು ಬೀಳಬಾರದಲ್ಲ, ಅದಕ್ಕೆ.’
ತಲೆಯೆತ್ತಿ ಫ್ಯಾನು, ಟ್ಯೂಬ್‌ಲೈಟು, ಸೀಲಿಂಗು ಎಲ್ಲ ನೋಡಿ,
‘ಇಲ್ಲಿ ಮಾಡು ಯಾರು ಹಿಡಿದದ್ದು, ಟೀಚರ್?’

ಕೆಳಗೆ ಲಾರಿಯೊಂದು ಹಾರ್ನ್ ಹಾಕಿ
ನಮ್ಮ ಹಳೆಯ ಕೋಣೆಯ ಮೇಲಿಂದಲೇ ಹೋಯಿತು.
ಬೆಳ್ಚಪ್ಪಾಡರು ನನ್ನ ಮುಖ ನೋಡುತ್ತಿದ್ದರು.

‘ಯೋಯ್’ ಎಂದೆ. ಎಲ್ಲರೂ ನಿಂತರು.
ಇಚಿ.
ನಿ.